ನೂರಾ ಒಂದು ತುಂಡು

ಹನುಮಂತಿ ಬಂದು ಕಟ್ಟಿ ಮ್ಯಾಲ ಕುಂತು ಅಂದಳು:
ಮೂರು ಅಂತಸ್ತಿನ ಕೇಕು ಬೇಕು ಜುಲೇಖಾ,
ಮಾವ ಗಣಿಯಿಂದ ರಿಟೈರ್ ಆಗ್ತಾರ.
ಶನಿವಾರ ಅದ, ತತ್ತಿ ಹಾಕಬ್ಯಾಡ.
ಮಂದಿ ಎಷ್ಟು ಅಂದೆ.
ಮಂದಿ ಏನ ಬಿಡು, ಹಟ್ಟಿ ಕ್ಯಾಂಪೆಲ್ಲ ಬರ್ತದ.

ಕ್ಯಾಂಪೆಲ್ಲ ಅನ್ನೋದು ಒಂದು ಸಂಖ್ಯೆ ಅಲ್ಲ.

ರಾತ್ರಿ ಮಗಳ ಹಳೇ ನೋಟುಬುಕ್ಕಿನ ಹಿಂದಿನ ಹಾಳಿಗೆ
ಡಬ್ಬಿ ಮುಚ್ಚಳ ಇಟ್ಟು ಮೂರು ದುಂಡು ಗೀಚಿದೆ:
ಹನ್ನೆರಡು ಇಂಚು, ಒಂಬತ್ತು, ಆರು.
ದೊಡ್ಡದರ ಅರ್ಧ ಆರು. ಆರಾರ್ಲೆ ಮೂವತ್ತಾರು.
ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸಿದರ
ನೂರಾ ಹದಿಮೂರು ಚದರ ಇಂಚು, ಚೂರುಪಾರು ಬಿಟ್ಟು.
ತುಂಡು ಅಂದರ ಒಂದಿಂಚು ಅಗಲ, ಎರಡಿಂಚು ಉದ್ದ:
ಐವತ್ತಾರು.
ನಡುವಿಂದು ಮೂವತ್ತೊಂದು. ಮ್ಯಾಲಿಂದು ಹದಿನಾಲ್ಕು.
ಕೂಡಿಸಿದರ ನೂರಾ ಒಂದು.
ಆಯೇರಿ ಕವರಿನಾಗ ಇಡೋ ಸಂಖ್ಯೆ!
ಒಬ್ಬಾಕಿನೇ ನಕ್ಕೆ.

ಆಮ್ಯಾಲ ಖರೇ ಲೆಕ್ಕ ಶುರುವಾತು.
ದುಂಡನ್ನದ್ದನ್ನ ಚೌಕ ಕೊಯ್ದರ ಅಂಚು ಉದುರತದ.
ಒಂದಿಂಚಿನ ತುಂಡು ಕೊಟ್ಟರ ಮಂದಿ
ಪ್ಲೇಟು ನೋಡಂಗಿಲ್ಲ, ಕೊಟ್ಟಾಕಿ ಮಾರಿ ನೋಡ್ತಾರ.
ಕೆಳಗಿನ ಕೇಕಿನಾಗ ಐದು ಬಿದಿರು ಕಡ್ಡಿ, ನಡುವಿನದ್ರಾಗ ನಾಕು,
ಇಲ್ಲದಿದ್ದರ ಮ್ಯಾಲಿನ ಭಾರಕ್ಕ ಎಲ್ಲಾ ಕುಸೀತದ.
ಕಡ್ಡಿ ನಿಂತ ಜಾಗ ತುಂಡಿಗೆ ಬರಂಗಿಲ್ಲ.
ತೊಂಬತ್ತು ಅಂತ ಬರದು
ಕೆಳಗ ಗೆರಿ ಎಳದೆ.

ಯಂಕೋಬ ಮಾಮಾ ಕೇಕಿನ ಹೂವು ನೋಡಲಿಲ್ಲ.
ಬಗ್ಗಿ, ಚಸ್ಮಾ ಏರಿಸಿ,
ಅಂತಸ್ತು ಅಂತಸ್ತಿನ ನಡುವ ಕಣ್ಣಿಟ್ಟರು.
ಮೂವತ್ತಾರು ವರ್ಷ ನೆಲದಾಗ ಇಳಿದು
ಕಲ್ಲಿನ ಹೊಟ್ಟಿಗೆ ಕಟ್ಟಿಗಿ ಆನಿಕಿ ಕೊಟ್ಟವರು.
ಒಳಗ ಆನಿಕಿ ಎಷ್ಟು ಅದಾವ ಬೇಟಿ?
ಒಂಬತ್ತು ಮಾಮಾ.
ಹ್ಞಾಂ, ಅಂದರು.
ನನ್ನ ಗುಲಾಬಿಗೆ ಊರೇ ವಾವ್ ಅಂದಿತ್ತು,
ಆ ಹ್ಞಾಂ ಬ್ಯಾರೆ.

ಮ್ಯಾಲಿಂದು ಮೊದಲು ಇಳಿಸಿದರು, ತಾವೇ ನಿಂತು.
ಎಪ್ಪತ್ತು ಪ್ಲೇಟು ಹೋದ ಮ್ಯಾಲ ನಾನು ಎಣಿಸೋದು ಬಿಟ್ಟೆ.
ಮಾಮಾ ಬಿಡಲಿಲ್ಲ. ಕ್ರೀಮು ಹತ್ತಿದ ಕಡ್ಡಿ
ಒಂದೊಂದೇ ನಳದ ಕೆಳಗ ತೊಳದು
ಕರವಸ್ತ್ರದ ಮ್ಯಾಲ ಸಾಲಾಗಿ ಮಲಗಿಸಿದರು.

ಎಂಟು.

ಎಂಟು, ಅಂದರು ಜೋರಾಗಿ. ಮಂದಿ ಸುಮ್ಮನಾತು.
ಒಂಬತ್ತು ಇಳಿದಾವ. ಒಂಬತ್ತು ಹತ್ತಬೇಕು.

ಮೈಕಿನವ ಹಾಡು ಬಂದ್ ಮಾಡಿದ.
ತಾಯಂದಿರು ಹುಡುಗರ ಬಾಯಿ ತೆರೆಸಿದರು.
ಮ್ಯಾನೇಜರ್ ಸಾಹೇಬರು ತಮ್ಮ ತುಂಡನ್ನ
ಚಮಚದಲೆ ಎರಡು ಹೋಳು ಮಾಡಿ ತೋರಿಸಿದರು
ಸಾಲಿ ಹುಡುಗನಂಗ.
ನಗು ಬರೋ ಮಾತೇ.
ಆದರ ಮೊದಲನೇ ಪಾಳಿಯವರು ಆಗಲೇ ಎದ್ದು ನಿಂತಿದ್ದರು,
ಟೊಪಿಗಿ ಇಲ್ಲದ ತಲಿ
ಒಬ್ಬರದೊಬ್ಬರು ಎಣಿಸ್ಕೋತ.

ಬಾಗಿಲ ಹಂತ್ಯಾಕ ಎರಡನೇ ಪಾಳಿಗೆ ಕಟ್ಟಿದ ಪೊಟ್ಟಣ.
ಮಾಮಾನ ಜೋಡಿಯವರು, ಹನ್ನೊಂದು ಮಂದಿ,
ಇನ್ನೂ ಕೆಳಗ.
ತಾವೇ ಬಿಚ್ಚಿದರು. ನಾಕನೇ ತುಂಡಿನಾಗ
ನೆಟ್ಟಗ ನಿಂತಿತ್ತು,
ಮ್ಯಾಲ ಏನೂ ಇಲ್ಲದಿದ್ದರೂ
ಹೊತ್ಕೊಂಡೇ ನಿಂತಂಗ.

ಬಂತು.

ಹಾಡು ಮತ್ತ ಹತ್ತಿತು. ಹನುಮಂತಿ ಬಂದು ಕೇಳಿದಳು,
ಕಡೀಕೆ ಎಷ್ಟು ತುಂಡಾದವು ಜುಲೇಖಾ,
ನಾ ರೊಕ್ಕದ ಲೆಕ್ಕ ಬರ್ಕೋಬೇಕು.
ನೋಟುಬುಕ್ಕು ಮನ್ಯಾಗ ಅದ ಅಂದೆ.

ಮಾಮಾ ತೂತು ಬಿದ್ದ ತುಂಡು ತೆಗೆದು
ತಮ್ಮ ಪ್ಲೇಟಿಗೆ ಹಾಕ್ಕೊಂಡರು.
ಮುಟ್ಟದೇ ಇಟ್ಟಿದ್ದ ತಮ್ಮ ತುಂಡು ಅದರ ಜಾಗಕ್ಕಿಟ್ಟು,
ಬೆರಳ ತುದಿಲೆ ಹನ್ನೊಂದೂ ಮುಟ್ಟಿ,
ಪೊಟ್ಟಣ ಕಟ್ಟಿದರು.